ಮಾವಿನ ಸಿಪ್ಪೆಯ ಹಳದಿ

ನನ್ನ ಗೈಡ್ ಬಾಯಿಂದ ಒಳ್ಳೆಯ ಮಾತು ಬರುವುದೇ ಅಪರೂಪ. ಅಂಥವರು ನನ್ನ ಪ್ರಯೋಗದ ಅಂಕಿಗಳನ್ನು ನೋಡಿ ಕುರ್ಚಿಯಿಂದ ಎದ್ದುಬಿಟ್ಟರು. "ಮಾವಿನ ಸಿಪ್ಪೆಯಿಂದ ಇಷ್ಟಾ?" ಎಂದರು. ಸೋಮವಾರವೇ ಪ್ರಬಂಧ ಕಳಿಸೋಣ ಎಂದರು. ನಾನಂತೂ ನೆಲದ ಮೇಲಿರಲಿಲ್ಲ.

ಕಡೂರಿನ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಲೇ ನಾನು ಪಿಎಚ್.ಡಿ. ಮಾಡುತ್ತಿದ್ದೆ. ಮಾವಿನ ಸಿಪ್ಪೆಯಲ್ಲಿ ದೇಹಕ್ಕೆ ಒಳ್ಳೆಯದಾಗುವ ಅಂಶಗಳು ಬೇಕಾದಷ್ಟಿವೆ. ಅವನ್ನು ತೆಗೆಯಲು ಮೂಗು ಸುಡುವ, ಚೆಲ್ಲಿದರೆ ಮಣ್ಣು ಕೆಡಿಸುವ ದ್ರಾವಕಗಳೇ ಬೇಕೆಂದಿಲ್ಲ. ಸಿಟ್ರಿಕ್ ಆಮ್ಲ, ಸಕ್ಕರೆ, ಸ್ವಲ್ಪ ನೀರು ಬೆರೆಸಿ ಕಾಸಿದ ಪಾಕವೇ ಸಾಕು ಎಂದು ತೋರಿಸುವುದು ನನ್ನ ಹಟ. ವಿಶ್ವವಿದ್ಯಾಲಯದವರು ಅವಧಿಯನ್ನು ಒಮ್ಮೆ ವಿಸ್ತರಿಸಿದ್ದರು, ಅದೂ ಆ ತಿಂಗಳಿಗೆ ಮುಗಿಯುತ್ತಿತ್ತು. ಇನ್ನೊಮ್ಮೆ ಇಲ್ಲ ಎಂದು ಪತ್ರವೂ ಬಂದಿತ್ತು.

ಸಿಪ್ಪೆ ಕೊಡುತ್ತಿದ್ದವರು ತರೀಕೆರೆಯ ಒಂದು ಜ್ಯೂಸ್ ಅಂಗಡಿಯವರು. ನನ್ನ ಬಾಡಿಗೆ ಮನೆಗೆ ಗಾಳಿ ಬೆಳಕು ಕಡಿಮೆ. ಹಾಗಾಗಿ ಚೀಲವನ್ನು ಅಜ್ಜಂಪುರಕ್ಕೆ ಒಯ್ದು ಅಮ್ಮನಿಗೆ ಕೊಡುತ್ತಿದ್ದೆ. ಅವಳು ಒಣಗಿಸಿ ಡಬ್ಬಕ್ಕೆ ತುಂಬಿಡುತ್ತಿದ್ದಳು. ಆ ಸಿಪ್ಪೆಯನ್ನು ಹಾಕಿದರೆ ಪಾಕ ಎಂಥ ಹಳದಿಯಾಗುತ್ತಿತ್ತೆಂದರೆ, ಅದು ನನ್ನ ಜಾಣತನದ ಬಣ್ಣವೆಂದೇ ನಂಬಿದ್ದೆ.

ಆ ಭಾನುವಾರ ಜಂಬ ಕೊಚ್ಚಿಕೊಳ್ಳಲೆಂದೇ ಊರಿಗೆ ಹೋದೆ. ಅಮ್ಮ ಹಿತ್ತಲಲ್ಲಿ ಕೂತು, ಮೊನ್ನೆ ತಂದುಕೊಟ್ಟ, ಆ ಹಂಗಾಮಿನ ಕೊನೆಯ ಸಿಪ್ಪೆಯನ್ನು ಟಬ್ಬಿನಲ್ಲಿ ಅದ್ದಿ ಅದ್ದಿ ತೆಗೆಯುತ್ತಿದ್ದಳು. ನೀರು ಹಳದಿ. ಅವಳ ಕೈ ಮೊಣಕೈವರೆಗೂ ಹಳದಿ.

"ಅಮ್ಮಾ, ಏನಿದು?"

"ಅರಿಶ್ಣದ ನೀರು ಕಣೇ. ಅಂಗಡಿ ಸಿಪ್ಪೆ, ಯಾರ ಎಂಜ್ಲು ತಾಗಿರುತ್ತೋ ಏನೋ. ನಾಳೆ ಜನ ಔಷ್ದಿ ಅಂತ ಹೊಟ್ಟೆಗೆ ತಗೊಳೋದು. ಶುದ್ಧ ಮಾಡ್ದೆ ಹಂಗೇ ಕೊಡೋಕಾಗುತ್ತಾ?"

"ಇದೊಂದೇ ಸಲಾನಾ?"

"ಮೊದ್ಲಿಂದ್ಲೂ. ಇದನ್ನೂ ನೀನು ಹೇಳ್ಕೊಡ್ಬೇಕಾ ನಂಗೆ?"

ನಾನು ಅಳೆದಿದ್ದು ಮಾವನ್ನಲ್ಲ, ಅರಿಶಿನವನ್ನು. ಅರಿಶಿನದಲ್ಲಿ ಒಳ್ಳೆಯ ಅಂಶ ಇದೆಯೆಂದು ಹೇಳಲು ಪಿಎಚ್.ಡಿ. ಯಾಕೆ ಬೇಕು, ಊರಿನ ಯಾವ ಅಜ್ಜಿಯಾದರೂ ಹೇಳುತ್ತಾಳೆ! ಅಮ್ಮನ ಮೇಲೆ ಹರಿಹಾಯ್ದೆ. ಏನು ಕೂಗಿದೆನೋ ನೆನಪಿಲ್ಲ. ಆಮೇಲೆ, ಕೂಗು ನಿಂತ ಮೇಲೆ, ದನಿ ತಗ್ಗಿಸಿ ಹೇಳಿದ್ದು ಮಾತ್ರ ಚೆನ್ನಾಗಿ ನೆನಪಿದೆ.

"ಇದನ್ನ ಯಾರಿಗೂ ಹೇಳ್ಬೇಡ."

ಆ ಮಾತು ನನ್ನ ಬಾಯಿಂದ ಬಂತೆಂದು ನನಗೇ ನಂಬಲಾಗಲಿಲ್ಲ. ಹತ್ತು ವರ್ಷ ಮಕ್ಕಳ ರೆಕಾರ್ಡ್ ಪುಸ್ತಕದಲ್ಲಿ ಕದ್ದ ಅಂಕಿಗಳಿಗೆ ಕೆಂಪು ಗೀಟು ಎಳೆದವಳು ನಾನು.

ಅಮ್ಮ ಗಾಬರಿಯಿಂದ ನನ್ನನ್ನೇ ನೋಡಿದಳು. "ಹಾಕಿದ್ದು ನಾನು. ನೀನ್ಯಾಕೆ ಬಚ್ಚಿಡ್ತೀಯ? ಫೋನ್ ಹಚ್ಚು, ನಿಮ್ ಮೇಷ್ಟ್ರಿಗೆ ನಾನೇ ಹೇಳ್ತೀನಿ" ಎಂದಳು.

ನಾಚಿಕೆಯಿಂದ ಸತ್ತಂತಾಯಿತು. ನಾನೇ ಫೋನ್ ಮಾಡಿ, ಇದ್ದದ್ದು ಇದ್ದ ಹಾಗೆ ಹೇಳಿದೆ. ಗೈಡ್ ಎಲ್ಲ ಕೇಳಿ, ಪ್ರಬಂಧ ಕಳಿಸುವುದು ಬೇಡ ಎಂದರು.

"ಹೊಸದಾಗಿ ಮಾಡೋಣ ಅಂದ್ರೆ ಮಾವಿನ ಕಾಲ ಮುಗೀತಲ್ಲಮ್ಮಾ."

"ಮುಗೀತು ಸಾರ್. ನನ್ನ ಅವಧಿನೂ."

ಪಕ್ಕದಲ್ಲಿ ನಿಂತಿದ್ದ ಅಮ್ಮನಿಗೆ ಆಗಷ್ಟೇ ಎಲ್ಲ ಅರ್ಥವಾಯಿತು. ಬಾಯಿಗೆ ಕೈಯಿಟ್ಟುಕೊಂಡು ಮೆಟ್ಟಿಲ ಮೇಲೆ ಕುಸಿದು ಕೂತಳು.