ಕಾರ್ಡಿನ ಹಿಂಬದಿ

ಸೌಟು ಕೈಯಿಂದ ಬಿತ್ತು.

ದೋಸೆ ಹುಯ್ಯುತ್ತಿದ್ದೆ. ಹಿಟ್ಟು ಒಲೆಯ ಮೇಲೆಲ್ಲ ಚೆಲ್ಲಿತು. ಬಗ್ಗಿ ಎತ್ತಿಕೊಳ್ಳಲು ಹೋದರೆ ಬಲಗೈ ಮಣಿಕಟ್ಟಿನಿಂದ ಕೆಳಗೆ ಜೋತುಬಿದ್ದಿದೆ. ನೋವಿಲ್ಲ, ಜೋಮಿಲ್ಲ. ಮೇಲಕ್ಕೆ ಮಾತ್ರ ಏಳದು. "ಏನ್ರೀ, ಬನ್ರೀ ಇಲ್ಲಿ!" ಎಂದು ಕೂಗಿದೆ. ಫ್ಯಾಕ್ಟರಿಗೆ ಹೊರಡುತ್ತಿದ್ದ ನಮ್ಮನೆಯವರು ಒಂದೇ ಶೂ ಹಾಕಿಕೊಂಡು ಓಡಿಬಂದರು.

ಅದಕ್ಕೂ ಮುಂಚೆ ನಾಲ್ಕು ತಿಂಗಳಿಂದ ಹೊಟ್ಟೆ ಹಿಂಡುತ್ತಿತ್ತು. ಒಬ್ಬ ಡಾಕ್ಟರು ಗ್ಯಾಸ್ ಅಂದರು. ಇನ್ನೊಬ್ಬರು ಅಲ್ಸರ್ ಅಂದರು. ಮೂರನೆಯವರು ನನ್ನ ಮುಖವನ್ನೂ ನೋಡದೆ ನಮ್ಮನೆಯವರ ಕಡೆ ತಿರುಗಿ, "ಮೇಡಂ ತುಂಬಾ ಟೆನ್ಷನ್ ಮಾಡ್ಕೊಳ್ತಾರಾ?" ಅಂದರು. ಆ ಪ್ರಶ್ನೆಯಿಂದಲೇ ನನಗೆ ಟೆನ್ಷನ್ ಶುರುವಾಯಿತು.

ಕೈ ಬಿದ್ದ ಮೇಲೆ ನ್ಯೂರಾಲಜಿಸ್ಟ್ ಹತ್ತಿರ ಹೋದೆವು. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕೈ ತಿರುಗಿಸಿ ನೋಡಿದರು, "ರಿಸ್ಟ್ ಡ್ರಾಪ್" ಅಂದರು. ಆಮೇಲೆ ಬಾಯಿ ತೆರೆಸಿ, ತುಟಿ ಎತ್ತಿ, ವಸಡಿಗೆ ಟಾರ್ಚ್ ಬಿಟ್ಟರು. ವಸಡಿನ ಅಂಚಿನಲ್ಲಿ ಸಣ್ಣ ನೀಲಿ ಗೆರೆ ಇತ್ತಂತೆ.

"ನೀವೇನು ಕೆಲಸ ಮಾಡ್ತೀರಮ್ಮ?"

"ಮನೇಲೇ ಇರ್ತೀನಿ. ಚಿತ್ರ ಬರೀತೀನಿ."

"ಬ್ರಷ್ಷನ್ನ ಬಾಯಿಗಿಡ್ತೀರಾ?"

ಇಡುತ್ತಿದ್ದೆ. ಎರಡು ವರ್ಷದಿಂದ, ದಿನಕ್ಕೆ ಎಷ್ಟು ಸಲವೋ.

ನಾವು ಏಳು ಜನ ಹೆಂಗಸರು. ತಿಂಗಳಿಗೊಂದು ಶನಿವಾರ ಚಾಮರಾಜಪುರಂನ ಸುಶೀಲಕ್ಕನ ಮನೆಯ ಪಡಸಾಲೆಯಲ್ಲಿ ಸೇರುತ್ತಿದ್ದೆವು. ಯೋಗ ಕಲಿಯಲು ಮೈಸೂರಿಗೆ ಬಂದಿದ್ದ ಹೊರದೇಶದ ಹುಡುಗಿಯೊಬ್ಬಳು ನಮಗೆ ಈ ಹುಚ್ಚು ಹಿಡಿಸಿ ಹೋದಳು. ಇಸ್ಪೀಟು ಎಲೆಯಷ್ಟೇ ಅಳತೆಯ ಕಾರ್ಡು, ಅದರ ಮೇಲೆ ಕೈಯಾರೆ ಬರೆದ ಚಿತ್ರ. ಮಾರುವಂತಿಲ್ಲ. ಒಂದು ಕೊಟ್ಟು ಒಂದು ತೆಗೆದುಕೊಳ್ಳಬೇಕು, ಅಷ್ಟೇ.

ಉಳಿದ ನಿಯಮಗಳು ಸುಶೀಲಕ್ಕನವು. ಅವರದು ಅರಮನೆಗೆ ಚಿತ್ರ ಬರೆದುಕೊಟ್ಟ ಮನೆತನ. ಕೊಟ್ಟ ಕಾರ್ಡನ್ನು ಯಾರೂ ಬೇಡ ಅನ್ನಬಾರದು. ಹಿಂಬದಿಯಲ್ಲಿ ಹೆಸರು, ತಾರೀಖು, ಏನೇನು ಬಳಸಿದ್ದು ಎಂದು ಬರೆದಿರಬೇಕು. ತೆಗೆದುಕೊಂಡವರು ಅದನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಬೇಕು. "ಮುಂದ್ಗಡೆ ಏನ್ ಬೇಕಾದ್ರೂ ಬರ್ಕೊಳ್ರೇ. ಹಿಂದ್ಗಡೆ ಮಾತ್ರ ಸುಳ್ಳು ಹೇಳ್ಬಾರ್ದು" ಎನ್ನುತ್ತಿದ್ದರು.

ಮೈಸೂರು ಶೈಲಿಯ ಉಬ್ಬುಗೆಲಸ ಕಲಿಸಿದ್ದೂ ಅವರೇ. ಬಿಳಿ ಪುಡಿಗೆ ಅಂಟು ಕಲಸಿ, ಕೂದಲಿನಂಥ ಮೊನೆಯಿಂದ ಉಬ್ಬುಗೆರೆ ಎಳೆದು, ಮೇಲೆ ಚಿನ್ನದ ರೇಕು ಕೂರಿಸುವುದು. ಆ ಪುಡಿಗೆ ಸಫೇದ ಅನ್ನುತ್ತಾರೆ. ನನ್ನ ಕೈ ಓಡುವುದನ್ನು ಕಂಡು ಒಂದು ದಿನ ಒಳಗಿಂದ ಹಳೆಯ ತಗಡಿನ ಡಬ್ಬಿ ತಂದುಕೊಟ್ಟರು.

"ನಮ್ ತಾತನ ಕಾಲದ್ದು ಕಣೇ ಪ್ರಭಾ. ಈಗಿನ ಪುಡೀಲಿ ಈ ನುಣುಪು ಎಲ್ ಬರುತ್ತೆ? ತಗೊಂಡೋಗು. ಮೊನೆ ಬೇಕಂದ್ರೆ ಬ್ರಷ್ಷನ್ನ ತುಟೀಲಿ ಎಳ್ಕೊಬುಡು."

ಕಾಲಿಗೆ ನಮಸ್ಕಾರ ಮಾಡಿ ಇಸಿದುಕೊಂಡು ಬಂದಿದ್ದೆ.

ಡಾಕ್ಟರು ರಕ್ತವನ್ನೂ ಪುಡಿಯನ್ನೂ ಟೆಸ್ಟಿಗೆ ಕಳಿಸಿದರು. ಎರಡರಲ್ಲೂ ಲೆಡ್. ಸೀಸ. ತಾತನ ಕಾಲದಲ್ಲಿ ಸಫೇದ ಅಂದರೆ ಅದೇ ಆಗಿತ್ತಂತೆ.

ಕ್ಯಾಪ್ಸೂಲ್ ಶುರುವಾಯಿತು. ಬಲಗೈ ಎತ್ತಿ ಹಿಡಿಯಲು ಸ್ಪ್ಲಿಂಟ್ ಬಂತು. ಕೈ ಮತ್ತೆ ಏಳುತ್ತದೆಯೇ ಎಂದು ಕೇಳಿದೆ. "ಏಳಬಹುದು, ನಿಧಾನವಾಗಿ. ಪೂರ್ತಿ ಎಷ್ಟು ಅಂತ ಹೇಳಕ್ಕಾಗಲ್ಲ" ಅಂದರು. ಸೀರೆಯ ನೆರಿಗೆ ಹಿಡಿಯಲು ಆಗುತ್ತಿರಲಿಲ್ಲ. ನಮ್ಮನೆಯವರು ಜಡೆ ಹಾಕುವುದು ಕಲಿತರು. ಮೊದಲ ವಾರ ನನ್ನ ಜಡೆ ಎಡಕ್ಕೇ ವಾಲಿಕೊಂಡು ಬೀದಿ ಸುತ್ತಿತು. ಅವರು ಇಲ್ಲದಿದ್ದರೆ ನಾನು ಇಷ್ಟು ಹೊತ್ತಿಗೆ ಏನಾಗುತ್ತಿದ್ದೆನೋ, ನೆನೆಸಿಕೊಳ್ಳಲೂ ಭಯ.

ಆಗಲೂ ನನಗೆ ಸುಶೀಲಕ್ಕನ ಮೇಲೆ ಸಿಟ್ಟಿರಲಿಲ್ಲ. ಪಾಪ, ಗೊತ್ತಿಲ್ಲದೆ ಕೊಟ್ಟರು ಅಂದುಕೊಂಡೆ. ಅವರೂ ಬ್ರಷ್ಷನ್ನು ಬಾಯಿಗಿಡುತ್ತಾರೇನೋ, ಹೇಳಬೇಕು ಅಂದುಕೊಂಡೆ. ಒಂದು ಮಧ್ಯಾಹ್ನ ಹೊತ್ತು ಹೋಗದೆ, ಬದಲಿಯಲ್ಲಿ ಅವರಿಂದ ಬಂದ ಕಾರ್ಡುಗಳನ್ನೆಲ್ಲ ಹಾಸಿಗೆಯ ಮೇಲೆ ಹರಡಿಕೊಂಡೆ. ಎಡಗೈಯಲ್ಲಿ ಒಂದೊಂದನ್ನೇ ಮಗುಚಿದೆ.

ಸುಶೀಲಾ. ಚಿನ್ನದ ರೇಕು, ಜಿಂಕ್ ವೈಟ್.

ಸುಶೀಲಾ. ಜಿಂಕ್ ವೈಟ್.

ಎಲ್ಲದರಲ್ಲೂ ಜಿಂಕ್ ವೈಟ್, ಅಂಗಡಿಯಲ್ಲಿ ಸಿಗುವ ಸೀಸವಿಲ್ಲದ ಬಿಳಿ. ನನಗೆ ಡಬ್ಬಿ ಕೊಡುವುದಕ್ಕೆ ಮುಂಚಿನ ತಾರೀಖಿನವುಗಳಲ್ಲೂ.

ಫೋನ್ ಮಾಡಿ ಸೀಸದ ವಿಷಯ ಹೇಳಿದೆ. "ಅಕ್ಕಾ, ಆ ಡಬ್ಬಿ ನೀವು ಯಾಕೆ ಬಳಸ್ತಿರಲಿಲ್ಲ?"

"ಅಯ್ಯೋ, ನಮ್ ತಾತ ತೊಂಬತ್ತು ವರ್ಷ ಬದುಕಿದ್ರು ಕಣೇ. ನಿಂಗೆ ಬೇರೆ ಏನೋ ಆಗಿರ್ಬೇಕು. ಇನ್ನೊಂದ್ ಡಾಕ್ಟ್ರಿಗೆ ತೋರ್ಸು."

ಫೋನ್ ಕುಕ್ಕಿದೆ. ಆ ಹೆಂಗಸಿನ ಕೈಯೂ ಹೀಗೇ ಬೀಳಲಿ ಅಂತ ಶಾಪ ಹಾಕಿದೆ. ಹಾಕಿದ್ದಕ್ಕೆ ನಾಚಿಕೆ ಆಗಲಿಲ್ಲ, ಇವತ್ತಿಗೂ ಆಗಿಲ್ಲ. ಕಾಯಿಲೆ ಮನುಷ್ಯರನ್ನು ಮೆತ್ತಗೆ ಮಾಡುತ್ತದೆ ಎಂದು ಹೇಳುವವರನ್ನು ಕಂಡಿದ್ದೇನೆ. ಅದು ಮೆತ್ತಗೆ ಮಾಡಿದ್ದು ನನ್ನ ಕೈಯನ್ನಷ್ಟೇ, ಉಳಿದದ್ದನ್ನೆಲ್ಲ ಗಟ್ಟಿ ಮಾಡಿತು. ಬೆಳಿಗ್ಗೆ ಎದ್ದು ಕ್ಯಾಪ್ಸೂಲ್ ನುಂಗುವಾಗ ಬದುಕಬೇಕು ಅನ್ನುವುದಕ್ಕಿಂತ ಅವಳ ಮುಂದೆ ಹೋಗಿ ನಿಲ್ಲಬೇಕು ಅನ್ನುವುದೇ ಹೆಚ್ಚಾಗಿ ನೆನಪಾಗುತ್ತಿತ್ತು.

ಮೂರು ತಿಂಗಳು ಕೂತು ಎಡಗೈಯಲ್ಲಿ ಆರು ಕಾರ್ಡು ಬರೆದೆ. ಬರೀ ಪೆನ್ಸಿಲ್. ಆರರಲ್ಲೂ ಜೋತುಬಿದ್ದ ನನ್ನ ಬಲಗೈ. ಗೆರೆಗಳು ಸೊಟ್ಟ, ಬೆರಳುಗಳು ಬದನೆಕಾಯಿ. ಹಿಂಬದಿಯಲ್ಲಿ ಆರಕ್ಕೂ ಒಂದೇ ಬರಹ.

ಶನಿವಾರ ಸ್ಪ್ಲಿಂಟ್ ಹಾಕಿಕೊಂಡೇ ಸಿಟಿ ಬಸ್ ಹತ್ತಿ ಹೋದೆ. "ಬಂದ್ಬುಟ್ಯಾ ತಾಯೀ!" ಎಂದು ಸುಶೀಲಕ್ಕ ಎದ್ದು ಬಂದರು. ನಾನು ಆರು ಜನರಿಗೂ ಒಂದೊಂದು ಕಾರ್ಡು ಕೊಟ್ಟೆ. ಉಳಿದವರ ಬದಲಿ ಮುಗಿದು ಓದುವ ಸರದಿ ಬಂತು. ಯಾದವಗಿರಿಯ ಲಲಿತಾ ಮೊದಲು ಓದಿದಳು.

"ಪ್ರಭಾ. ಪೆನ್ಸಿಲ್, ಎಡಗೈ, ಮತ್ತು ಸುಶೀಲಕ್ಕ ಕೊಟ್ಟ ಡಬ್ಬಿಯ ಸೀಸ."

ಓದಿ ತಬ್ಬಿಬ್ಬಾಗಿ ನನ್ನ ಮುಖ ನೋಡಿದಳು. ನಾನು ಪಕ್ಕದವಳಿಗೆ ಕೈಸನ್ನೆ ಮಾಡಿದೆ. ಅವಳೂ ಅದನ್ನೇ ಓದಿದಳು. ಮೂರನೆಯವಳೂ, ನಾಲ್ಕನೆಯವಳೂ. ಐದನೆಯವಳ ದನಿ ಮೇಲೇಳಲಿಲ್ಲ. "ಗಟ್ಟಿಯಾಗ್ ಓದಮ್ಮ, ನಿಯಮ" ಅಂದೆ. ಖುಷಿಯಾಯಿತು. ಕೇಳಿದವರು ಏನಾದರೂ ಅಂದುಕೊಳ್ಳಲಿ, ನಿಜವಾಗಿಯೂ ಖುಷಿಯಾಯಿತು.

ಮನೆಯ ಯಜಮಾನಿ ಕೊನೆಗೆ ಓದುವುದು ವಾಡಿಕೆ. ಸುಶೀಲಕ್ಕ ಕಾರ್ಡನ್ನು ಕಣ್ಣ ಹತ್ತಿರ ಹಿಡಿದರು. "ಪ್ರಭಾ. ಪೆನ್ಸಿಲ್, ಎಡಗೈ..." ಅಲ್ಲಿಗೆ ನಿಂತರು. ಎದ್ದು ಒಳಗೆ ಹೋದರು. ನನಗೆ ಬದಲಿ ಕೊಡಬೇಕಾದ ಅವರ ಕಾರ್ಡು ಇನ್ನೂ ಬಾಕಿ ಇತ್ತು. ಬಹಳ ಹೊತ್ತಿನ ಮೇಲೆ ಬಂದು ಒಂದು ಕಾರ್ಡನ್ನು ನನ್ನ ಎಡಗೈಯಲ್ಲಿಟ್ಟರು. ಮುಂಭಾಗ ಖಾಲಿ. ಮಗುಚಿ ಗಟ್ಟಿಯಾಗಿ ಓದಿದೆ.

"ಸುಶೀಲಾ. ವಿಷ ಅಂತ ಗೊತ್ತಿತ್ತು. ತಾತನದು, ಎಸೆಯಲು ಮನಸ್ಸು ಬರಲಿಲ್ಲ."

ಎಸೆಯಲು ಮನಸ್ಸು ಬರಲಿಲ್ಲ, ನನಗೆ ಕೊಡಲು ಬಂತು. ಹಾಗಂತ ಅವರ ಮುಖಕ್ಕೇ ಹೇಳಿ, ಕಾರ್ಡನ್ನು ಬ್ಯಾಗಿಗೆ ಹಾಕಿಕೊಂಡು ಬಸ್ ಸ್ಟಾಪಿಗೆ ನಡೆದೆ.

ಈಗ ಕೈ ಅರ್ಧ ಏಳುತ್ತದೆ. ಚಪಾತಿ ಲಟ್ಟಿಸುತ್ತೇನೆ. ಜಡೆ ಮಾತ್ರ ಇನ್ನೂ ನಮ್ಮನೆಯವರದೇ ಕೆಲಸ, ಅವರ ಕೈ ಚೆನ್ನಾಗಿ ಕುದುರಿದೆ. ವಸಡಿನ ಗೆರೆ ಮಾಸುತ್ತಿದೆ. ಆ ಡಾಕ್ಟರಮ್ಮ ಬಾಯಿ ತೆರೆಸದೇ ಇದ್ದಿದ್ದರೆ ನಾನಿನ್ನೂ ಗ್ಯಾಸಿನ ಮಾತ್ರೆ ನುಂಗುತ್ತಾ ಬ್ರಷ್ ಚೀಪುತ್ತಿದ್ದೆ. ಅವರಿಗೆ ದಿನವೂ ಕೈ ಮುಗಿಯುತ್ತೇನೆ, ಒಂದು ನೆಟ್ಟಗೆ, ಒಂದು ವಾಲಿಕೊಂಡು.

ಸುಶೀಲಕ್ಕನನ್ನು ಕ್ಷಮಿಸಿಲ್ಲ. ಅವರ ಕಾರ್ಡನ್ನು ಮೇಜಿನ ಮೇಲೆ ಹಿಂಬದಿ ಕಾಣುವ ಹಾಗೆ ನಿಲ್ಲಿಸಿದ್ದೇನೆ. ಬ್ರಷ್ಷನ್ನು ಒದ್ದೆ ಬಟ್ಟೆಯಲ್ಲಿ ಮೊನೆ ಮಾಡುತ್ತೇನೆ. ಆದರೂ ಗೆರೆ ಎಳೆಯುವ ಮುಂಚೆ ಕೈ ತಾನಾಗಿ ತುಟಿಯ ತನಕ ಬರುತ್ತದೆ. ಆಗ ಮೇಜಿನ ಕಡೆ ನೋಡುತ್ತೇನೆ, ಕೈ ಕೆಳಗಿಳಿಯುತ್ತದೆ.