ಬೋಡಿಲಳ ಎಡವಿದ ಪೆಟ್ಟು

ಡೆನ್ಮಾರ್ಕಿನ ಲೆಮ್ವಿಯ ಬಂದರಿನಲ್ಲಿ ಮೂವತ್ತು ವರ್ಷ ಸಾಸೇಜ್ ಗಾಡಿ ಇಟ್ಟುಕೊಂಡಿದ್ದ ಬೋಡಿಲ್‌ಗೆ ಯಾರ ಮುಲಾಜೂ ಇರಲಿಲ್ಲ. ಹುರಿದ ಈರುಳ್ಳಿ ಕಡಿಮೆಯಾಯಿತೆಂದು ಗೊಣಗಿದ ಮೇಯರನಿಗೆ, "ಮೊದಲು ನಿನ್ ಹೊಟ್ಟೆ ನೋಡ್ಕೊ, ಆಮೇಲೆ ಈರುಳ್ಳಿ ಕೇಳು" ಎಂದವಳು. ಇಬ್ಬರು ಗಂಡಂದಿರನ್ನು ಮನೆಯಿಂದ ಹೊರಗಟ್ಟಿ ನಾಯಿಯೊಂದನ್ನು ಉಳಿಸಿಕೊಂಡವಳು. ಇಂಥ ಬಾಯಿಯವಳು ಒಂದೇ ಒಂದು ವಿಷಯದಲ್ಲಿ ಐವತ್ತು ವರ್ಷ ತುಟಿ ಹೊಲಿದುಕೊಂಡಿದ್ದಳು. ಅದೂ ತಂಗಿ ಉಲ್ಲಳ ಮುಖ ನೋಡಿ.

ಹದಿನೆಂಟರ ಹರೆಯದಲ್ಲಿ ಬೋಡಿಲ್ ಮೀನಿನ ಗೋದಾಮಿನ ಹಿಂದಿದ್ದ ಗ್ಯಾರೇಜಿನಲ್ಲಿ ಡ್ರಮ್ ಬಾರಿಸುತ್ತಿದ್ದಳು. ತಂಡದ ಹೆಸರು 'ದಿ ಮ್ಯಾಡ್ ಹ್ಯಾಡಕ್ಸ್', ಅಂದರೆ ಹುಚ್ಚು ಮೀನುಗಳು. ಹಾಡುವವನು ಫ್ಲೆಮಿಂಗ್, ಮುಂದೆ ಉಲ್ಲಳನ್ನು ಮದುವೆಯಾದವನು. ಅವರಲ್ಲಿ ಯಾರಿಗೂ ಇಂಗ್ಲಿಷ್ ಬರುತ್ತಿರಲಿಲ್ಲ, ನಾಚಿಕೆಯೂ ಬರುತ್ತಿರಲಿಲ್ಲ. ಹೀಗಾಗಿ ಇಂಗ್ಲಿಷಿನಲ್ಲೇ 'ಗೋ ಹೋಮ್, ಗ್ರೆಟೆ' ಎಂದು ಕಿರುಚಿ ಒಂದು ರೆಕಾರ್ಡು ಹೊರತಂದರು. ಗಿಟಾರು ಕೆಮ್ಮಿನ ರೋಗಿಯ ಹಾಗೆ ಕೂಗುತ್ತಿತ್ತು. ಬೋಡಿಲ್ ತೋಟದ ಗೇಟಿನ ಕೀಲು ಕಿತ್ತು ತಾನೇ ಮಾಡಿಕೊಂಡಿದ್ದ ಕಾಲಿನ ಪೆಡಲು ಆಗಾಗ ಸಿಕ್ಕಿಕೊಳ್ಳುತ್ತಿತ್ತು. ಅದನ್ನು ಬಿಡಿಸಲು ಅವಳು ಪ್ರತಿ ಸಾಲಿನ ಕೊನೆಗೆ ಒಂದು ಒದೆ ಹೆಚ್ಚು ಕೊಡುತ್ತಿದ್ದಳು. ದುಡುಂ ದುಡುಂ, ಆಮೇಲೆ ಎಡವಿದಂತೆ ಇನ್ನೊಂದು ದುಂ.

ರೆಕಾರ್ಡು ಕಂಪನಿಯ ಯಜಮಾನ ಕವರಿನ ಫೋಟೋ ತೆಗೆಸುವ ದಿನ ಬೋಡಿಲಳನ್ನು ಪಕ್ಕಕ್ಕೆ ಸರಿಸಿದ. "ಹುಡುಗಿ ಡ್ರಮ್ ಬಾರಿಸಿದ್ಳು ಅಂದ್ರೆ ಅಂಗಡಿಯೋರು ಇದನ್ನ ಗೊಂಬೆಗಳ ಜೊತೆ ಇಡ್ತಾರೆ" ಎಂದ. ಅವಳ ಜಾಗದಲ್ಲಿ ಫ್ಲೆಮಿಂಗನ ಚಿಕ್ಕಪ್ಪನ ಮಗ ಕಾರ್ಲ್-ಒಟ್ಟೊ ಕೋಲು ಹಿಡಿದು ನಿಂತ. ಚಪ್ಪಾಳೆಯನ್ನೂ ತಾಳಕ್ಕೆ ತಟ್ಟಲು ಬಾರದ ಹುಡುಗ. ಕವರಿನ ಹಿಂದೆ ಅವನ ಹೆಸರೇ ಬಂತು. ರೆಕಾರ್ಡು ಹೇಗೂ ಮಾರಾಟವಾಗಲಿಲ್ಲ, ಆದ್ದರಿಂದ ಜಗಳವೂ ಆಗಲಿಲ್ಲ.

ಅರ್ಧ ಶತಮಾನ ದಾಟಿದ ಮೇಲೆ ಯೆಪ್ಪೆ ಬಂದ. ಕೋಪನ್‌ಹೇಗನ್‌ನವನು, ಹಳೆಯ ರೆಕಾರ್ಡುಗಳ ಹುಚ್ಚ. ಊರಿನ ಚರ್ಚಿನವರು ನಡೆಸುವ ಹಳೆ ಸಾಮಾನಿನ ಅಂಗಡಿಯಲ್ಲಿ, ಅಕಾರ್ಡಿಯನ್ ರೆಕಾರ್ಡುಗಳ ಪೆಟ್ಟಿಗೆಯ ತಳದಲ್ಲಿ, ಅವನಿಗೆ ಗ್ರೆಟೆ ಸಿಕ್ಕಳು. ಹತ್ತು ಕ್ರೋನರ್ ಕೊಟ್ಟು ಎತ್ತಿಕೊಂಡು ಹೋದವನು ಅದು ಡೆನ್ಮಾರ್ಕಿನ ಕಳೆದುಹೋದ ನಿಧಿ ಎಂದು ಸಾರಿದ. ಆ ಎಡವಿದ ಪೆಟ್ಟಿನ ಬಗ್ಗೆಯೇ ಉದ್ದುದ್ದ ಲೇಖನ ಬರೆದ: ಅದು ವ್ಯವಸ್ಥೆಯ ವಿರುದ್ಧ ದುಡಿಯುವ ವರ್ಗದ ಬಂಡಾಯವಂತೆ! ಗೇಟಿನ ಕೀಲಿಗೆ ಇಷ್ಟು ದೊಡ್ಡ ಸಿದ್ಧಾಂತ ಗೊತ್ತಿತ್ತೆಂದು ಪಾಪ ಯಾರಿಗೆ ಗೊತ್ತು.

ರೆಕಾರ್ಡನ್ನು ಮತ್ತೆ ಅಚ್ಚು ಹಾಕಿಸುವ ಮುನ್ನ ಯೆಪ್ಪೆ ಉಲ್ಲಳ ಮನೆಗೆ ಕಾಫಿಗೆ ಬಂದ. ಬೋಡಿಲ್ ಅಲ್ಲೇ ಇದ್ದಳು.

"ಡ್ರಮ್ ಬಾರಿಸಿದ್ದು ನಾನು" ಎಂದಳು, ಮುಖಕ್ಕೆ ಹೊಡೆದ ಹಾಗೆ.

ಯೆಪ್ಪೆ ಕವರಿನ ಕಡೆ ನೋಡಿದ, ಅವಳ ಕಡೆ ನೋಡಿದ. "ಫೋಟೋದಲ್ಲಿ ನೀನಿಲ್ವಲ್ಲ, ಬೋಡಿಲ್?" ಆ ಸೀಮೆಯಲ್ಲಿ ಅಜ್ಜಿಯರಿಗೂ ಏಕವಚನವೇ. ಆದರೆ ಅವನ ದನಿಯಲ್ಲಿದ್ದ ಕನಿಕರ ಏಕವಚನಕ್ಕಿಂತಲೂ ಕೆಳಗಿನದು.

ಫ್ಲೆಮಿಂಗ್ ಕಾಫಿ ಬಗ್ಗಿಸುತ್ತಾ ನಕ್ಕ. "ಬೋಡಿಲ್ ನಮ್ ಜೊತೆ ಬರ್ತಿದ್ಳಪ್ಪ, ಇಲ್ಲ ಅನ್ನಲ್ಲ. ಬ್ರೆಡ್ಡು ಬೆಣ್ಣೆ ಎಲ್ಲಾ ಕಟ್ಕೊಂಡು ಬರ್ತಿದ್ಳು. ಒಳ್ಳೇ ಹುಡುಗಿ. ಕಾರ್ಲ್-ಒಟ್ಟೊ ತೀರ್ಕೊಂಡ, ಸತ್ತೋನ ಹೆಸರು ಕಿತ್ತು ಹಾಕೋದು ಚೆನ್ನಾಗಿರಲ್ಲ."

ಅನ್ಯಾಯ ಮಾಡಲು ಖಳನಾಯಕರೇ ಬೇಕೆಂದು ಯಾರು ಹೇಳಿದರು? ಬಿಸ್ಕತ್ತಿನ ತಟ್ಟೆ ಮುಂದಕ್ಕೆ ಸರಿಸುತ್ತಾ ಒಂದು ವಾಕ್ಯ ಹೇಳುವ ಸಭ್ಯಸ್ಥ ಸಾಕು. ಉಲ್ಲ ತನ್ನ ಕಪ್ಪಿನೊಳಗೆ ಏನೋ ಬಿದ್ದಿದೆಯೆಂಬಂತೆ ಬಗ್ಗಿ ನೋಡುತ್ತಿದ್ದಳು.

"ಸೋಮವಾರ ಕವರು ಅಚ್ಚಿಗೆ ಹೋಗತ್ತೆ" ಎಂದ ಯೆಪ್ಪೆ.

ಶನಿವಾರ ಉಲ್ಲ-ಫ್ಲೆಮಿಂಗರ ಮದುವೆಯ ಐವತ್ತನೆಯ ವರ್ಷ. ಬೆಳಿಗ್ಗೆ ನೆರೆಹೊರೆಯವರು ಬಾಗಿಲಿಗೆ ಸ್ಪ್ರೂಸ್ ಸೊಪ್ಪಿನ ಕಮಾನು ಕಟ್ಟಿ, ತುತ್ತೂರಿ ಊದಿಸಿ, ಹಾಡಿ ದಂಪತಿಗಳನ್ನು ಎಬ್ಬಿಸಿದ್ದರು. ಮಧ್ಯಾಹ್ನ ಸಮುದಾಯ ಭವನದಲ್ಲಿ ಊಟ. ಯೆಪ್ಪೆ ಮುಖ್ಯ ಅತಿಥಿ. ಹುರಿದ ಹಂದಿಮಾಂಸ ಬರುವಷ್ಟರಲ್ಲಿ ಆರು ಜನ ಭಾಷಣ ಮಾಡಿದ್ದರು, ಆರರಲ್ಲೂ ಫ್ಲೆಮಿಂಗ್ ನಾಡಿನ ಕಳೆದುಹೋದ ರತ್ನ. ಏಳನೆಯದಾಗಿ ರತ್ನವೇ ಎದ್ದಿತು. "ನಮ್ಮ ಕಾರ್ಲ್-ಒಟ್ಟೊ ಇವತ್ತು ಇರಬೇಕಿತ್ತು. ಆ ಕೈ, ಆ ತಾಳ..." ಎಂದು ಕರವಸ್ತ್ರ ತೆಗೆಯಿತು.

ಬೋಡಿಲ್ ಎದ್ದು ಭಾಷಣ ಮಾಡಬಹುದಿತ್ತು. ಮಾಡಿದ್ದರೆ ಜನ ಏನು ಹೇಳುತ್ತಿದ್ದರೆಂದು ಅವಳಿಗೆ ಗೊತ್ತಿತ್ತು: ತಂಗಿಯ ಹಬ್ಬ ಕೆಡಿಸಿದಳು, ಕುಡಿದ ಸ್ನಾಪ್ಸ್ ಹೆಚ್ಚಾಯಿತು. ಅವಳು ಚಾಕು-ಫೋರ್ಕು ಎತ್ತಿಕೊಂಡು ತಟ್ಟೆ ಬಾರಿಸತೊಡಗಿದಳು.

ಅಲ್ಲಿನ ಊಟದ ಕಾನೂನೇ ಹಾಗೆ. ಒಬ್ಬರು ತಟ್ಟೆ ಬಾರಿಸಿದರೆ ಸಭೆಯೆಲ್ಲ ಬಾರಿಸಬೇಕು, ದಂಪತಿ ಕುರ್ಚಿ ಹತ್ತಿ ಮುತ್ತಿಡಬೇಕು. ಕಾಲಿನಿಂದ ನೆಲ ಗುದ್ದಿದರೆ ಮೇಜಿನ ಕೆಳಗೆ ನುಸುಳಿ ಮುತ್ತಿಡಬೇಕು. ಸದ್ದು ನಿಲ್ಲುವ ತನಕ ಬಿಡುಗಡೆಯಿಲ್ಲ.

ಇಡೀ ಸಭೆ ಬೋಡಿಲಳ ತಾಳ ಹಿಡಿಯಿತು. ಫ್ಲೆಮಿಂಗ್ ನಗುನಗುತ್ತಾ ಕುರ್ಚಿ ಹತ್ತಿದ, ಉಲ್ಲಳನ್ನು ಇಬ್ಬರು ಎತ್ತಿ ನಿಲ್ಲಿಸಿದರು. ಮುತ್ತು ಮುಗಿಯಿತು. ಇಳಿದದ್ದೇ ತಡ, ಬೋಡಿಲ್ ಬಲಗಾಲಿನಿಂದ ನೆಲ ಗುದ್ದತೊಡಗಿದಳು. ಎಂಬತ್ತು ಜೋಡಿ ಕಾಲು ಅವಳ ಹಿಂದೆ ಬಿದ್ದವು. ದುಡುಂ ದುಡುಂ. ಗಾಜಿನ ಲೋಟಗಳು ಕುಣಿದವು. ದಂಪತಿ ತೆವಳಿಕೊಂಡು ಮೇಜಿನ ಕೆಳಗೆ ಹೋದರು.

ಆಗ ಬಂತು ಆ ಪೆಟ್ಟು. ತಾಳದ ಸಾಲಿನ ಕೊನೆಗೆ ಎಲ್ಲ ಕಾಲುಗಳೂ ಒಂದು ಕ್ಷಣ ನಿಂತವು, ಬೋಡಿಲಳ ಒಂದೇ ಕಾಲು ಎಡವಿ ಇನ್ನೊಮ್ಮೆ ಬಿತ್ತು. ದುಂ.

ಯೆಪ್ಪೆಯ ಬಾಯಿಗೆ ಹೊರಟಿದ್ದ ಆಲೂಗಡ್ಡೆ ಅರ್ಧದಾರಿಯಲ್ಲಿ ನಿಂತಿತು. ಮುಂದಿನ ಸಾಲು, ಮತ್ತೆ ಅದೇ ಪೆಟ್ಟು. ಬೇರೆಯವರು ಅನುಕರಿಸಲು ಹೋಗಿ ತಾಳ ತಪ್ಪಿದರು. ಅವನು ಕುರ್ಚಿ ಬಿಟ್ಟೆದ್ದು ಬೋಡಿಲಳ ಕಾಲನ್ನೇ ನೋಡುತ್ತಾ ಬಂದ.

"ಇದನ್ನ ಎಲ್ಲಿ ಕಲಿತೆ?"

"ಕಲೀಲಿಲ್ಲ. ಪೆಡಲು ಸಿಕ್ಕಾಕ್ಕೊಳ್ತಿತ್ತು, ಒದೀತಿದ್ದೆ. ನಿನ್ ಬಂಡಾಯ ಅದೇ." ಕಾಲು ನಿಲ್ಲಿಸಲಿಲ್ಲ ಅವಳು. ಬಾಗಿ ಮೇಜಿನ ಬಟ್ಟೆ ಎತ್ತಿದಳು. ಎಪ್ಪತ್ತೈದರ ಫ್ಲೆಮಿಂಗ್ ಮೊಣಕಾಲೂರಿ, ಟೈ ಕೆನ್ನೆಗೆ ಸುತ್ತಿಕೊಂಡು, ಏದುಸಿರು ಬಿಡುತ್ತಿದ್ದ.

"ಸಾಕು ನಿಲ್ಸೇ ಮಾರಾಯ್ತಿ!"

"ನಿಲ್ಸೋಣ. ಯಾರು ಬಾರಿಸಿದ್ದು ಅಂತ ಹೇಳು."

"ಇವತ್ತೇ ಬೇಕಿತ್ತಾ ನಿಂಗೆ?"

"ಸೋಮವಾರ ಅಚ್ಚಿಗೆ ಹೋಗತ್ತಲ್ಲ."

ದುಡುಂ ದುಡುಂ, ದುಂ. ಫ್ಲೆಮಿಂಗ್ ಹಲ್ಲು ಕಚ್ಚಿದ. ಸುಳ್ಳಿಗೆ ಐವತ್ತು ವರ್ಷವಾದರೆ ಅದಕ್ಕೂ ಒಂದು ಮರ್ಯಾದೆ ಬಂದುಬಿಡುತ್ತದೆ. ಅಷ್ಟರಲ್ಲಿ ಅವನ ಬೆನ್ನ ಹಿಂದಿನ ಕತ್ತಲಿನಿಂದ ಉಲ್ಲ ಚೀರಿದಳು, ಸದ್ದಿನ ಮೇಲೂ ಇಡೀ ಭವನಕ್ಕೆ ಕೇಳುವಂತೆ:

"ಅವಳೇ ಬಾರಿಸಿದ್ದು! ಬೋಡಿಲ್ಲೇ! ರೆಕಾರ್ಡ್ ಮಾಡಿದ್ ದಿನ ಕಾರ್ಲ್-ಒಟ್ಟೊ ಕಾರಲ್ಲಿ ಮಲಗಿದ್ದ, ನಾನೇ ನೋಡಿದೀನಿ! ಇನ್ನಾದ್ರೂ ನಿಲ್ಸಿ, ನನ್ ಸೊಂಟ ಹೋಯ್ತು!"

ಬೋಡಿಲ್ ಕಾಲು ನಿಲ್ಲಿಸಿದಳು. ಭವನವೂ ನಿಂತಿತು. ತಂಗಿಗೆ ಕೈ ಕೊಟ್ಟು ಮೇಲೆಳೆದಳು.

"ಇಷ್ಟು ಹೇಳೋಕೆ ಮೇಜಿನ ಕೆಳಗೆ ಹೋಗ್ಬೇಕಿತ್ತಾ?"

"ಮೇಲೆ ಅವನ ಮುಖ ಕಾಣ್ತಿತ್ತಲ್ಲೇ, ಕೆಳಗೆ ಬರೀ ಬೆನ್ನು" ಎಂದಳು ಉಲ್ಲ, ಕೆದರಿದ ಕೂದಲನ್ನು ಸರಿಮಾಡಿಕೊಳ್ಳುತ್ತಾ.

ಫ್ಲೆಮಿಂಗನನ್ನು ಯಾರೋ ಎಳೆದು ಕೂರಿಸಿ ಬಿಯರ್ ಕೊಟ್ಟರು. ಯೆಪ್ಪೆ ಪೆನ್ನು ಹಿಡಿದು ಬೋಡಿಲಳ ಪಕ್ಕದಲ್ಲಿ ಕುಕ್ಕರಿಸಿದ. ಕಾರ್ಲ್-ಒಟ್ಟೊನ ಹೆಸರು ತೆಗೆದುಬಿಡುತ್ತೇನೆ, ಫೋಟೋನೂ ಕತ್ತರಿಸುತ್ತೇನೆ ಎಂದು ಹುರುಪಿನಲ್ಲಿ ಹೇಳಿದ. ಒಬ್ಬರನ್ನು ಅಳಿಸಿದ ಕೈಗೆ ಇನ್ನೊಬ್ಬರನ್ನು ಅಳಿಸಲು ಎಷ್ಟು ಅವಸರ!

"ಮುಟ್ಟಬೇಡ ಅದನ್ನ" ಎಂದಳು ಬೋಡಿಲ್. "ಪಾಪ, ಫೋಟೋಗೆ ಅಂತ ಚಳಿಯಲ್ಲಿ ನಿಂತಿದ್ದ. ಏನು ಮಾಡಿದ್ನೋ ಅದನ್ನೇ ಬರಿ."

ಹೊಸ ಕವರಿನ ಹಿಂದೆ ಈಗ ಹೀಗಿದೆ: ಡ್ರಮ್, ಬೋಡಿಲ್. ಡ್ರಮ್ಮಿನ ಹಿಂದೆ ನಿಂತವನು, ಕಾರ್ಲ್-ಒಟ್ಟೊ.