ಫಳಫಳಕ್ಕ ಚೆಲ್ಲಿದ ನೀರು

ಸಮುದ್ರದ ಕೆಸರು ಪರೀಕ್ಷಿಸುವ ಆ ಲ್ಯಾಬಿನಲ್ಲಿ ಅವಳಿಗೆ ಫಳಫಳಕ್ಕ ಎಂದೇ ಹೆಸರು. ಅವಳು ತೊಳೆದಿಟ್ಟ ಬಟ್ಟಲಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು ಎಂದು ಜವಾನ ಗೇಲಿ ಮಾಡುತ್ತಿದ್ದ. ಕೆಸರಲ್ಲಿ ಕೊಳೆತ ಜೀವಾಂಶ ಎಷ್ಟಿದೆ ಎಂದು ಅಳೆಯುವುದು ಮಷೀನಿನ ಕೆಲಸ. ಅದಕ್ಕೆ ಮೊದಲು ಆಸಿಡ್ ಹಾಕಿ ಚಿಪ್ಪಿನ ಸುಣ್ಣ ಕರಗಿಸುವುದು ಅವಳ ಪಾಲು. ಇಲ್ಲದಿದ್ದರೆ ಮಷೀನು ಸುಣ್ಣವನ್ನೂ ಕೊಳೆಯ ಲೆಕ್ಕಕ್ಕೆ ಸೇರಿಸಿಬಿಡುತ್ತದೆ. ನೊರೆ ಅಡಗಿದ ಮೇಲೆ ನೀರು ಹಾಕಿ, ಕೆಸರು ತಳ ಕೂರಲು ಬಿಟ್ಟು, ಮೇಲಿನದನ್ನು ಚೆಲ್ಲಬೇಕು. ಹಾಗೆಂದು ಕಲಿಸಿದವರು ಈಗಿನ ದೊಡ್ಡ ಸಾಹೇಬರೇ.

ಅವಳ ಗಂಡ ಕೊಲ್ಲಿಯಲ್ಲಿ ಚಿಪ್ಪುಮೀನು ಹೆಕ್ಕುವವನು. ಮೀನಿನ ಡಬ್ಬಿ ಕಾರ್ಖಾನೆ ತನ್ನ ಹೊಲಸನ್ನೆಲ್ಲ ಅಲ್ಲಿಗೇ ಬಿಡತೊಡಗಿದ ಮೇಲೆ ಚಿಪ್ಪುಗಳು ಬಾಯಿ ತೆರೆದು ಸತ್ತವು. ಕೆಸರು ಕೊಳೆತಿದೆ ಎಂದು ಲ್ಯಾಬು ಬರೆದುಕೊಟ್ಟರೆ ಕಾರ್ಖಾನೆಯ ಕೊಳವೆ ಮುಚ್ಚಿಸುವುದೆಂದು ತೀರ್ಮಾನವಾಯಿತು. ಆ ಕೆಸರು ಫಳಫಳಕ್ಕನ ಮೇಜಿಗೇ ಬಂತು. ಗಬ್ಬು ನಾರುತ್ತಿದ್ದ ಅದನ್ನು ಅವಳು ಹೆತ್ತ ಕೂಸಿನಂತೆ ನೋಡಿಕೊಂಡಳು. ನಾಳೆ ಯಾರೂ ಹುಳುಕು ತೆಗೆಯಬಾರದೆಂದು, ಕಂದು ಬಣ್ಣವೆಲ್ಲ ಹೋಗಿ ನೀರು ಕಾಗೆ ಕಣ್ಣಿನಷ್ಟು ತಿಳಿಯಾಗುವ ತನಕ ತೊಳೆದಳು.

ಕೊಳೆ ಅಷ್ಟೇನಿಲ್ಲ ಎಂದು ಫಲಿತಾಂಶ ಬಂತು. ಕೊಳವೆ ಉಳಿಯಿತು.

ಹೊಸದಾಗಿ ಬಂದಿದ್ದ ಮೇಡಂಗೆ ಮಾತ್ರ ಅನುಮಾನ. ಇಷ್ಟು ನಾರುವ ಕೆಸರಿಗೆ ಇಷ್ಟು ಕಡಿಮೆ ಹೇಗೆ? ಮಿಕ್ಕಿದ್ದ ಕೆಸರನ್ನು ಫಳಫಳಕ್ಕನ ಕೈಯಲ್ಲೇ ತೊಳೆಸಿ, ಚೆಲ್ಲುವ ನೀರನ್ನು ಬಟ್ಟಲಲ್ಲಿ ಹಿಡಿದಿಟ್ಟು ಕಾಯಿಸಿ ಇಂಗಿಸಿದರು. ಬಟ್ಟಲಿನ ತಳದಲ್ಲಿ ಕಂದು ಜಿಡ್ಡು ಅಂಟಿತ್ತು.

“ನಾವು ಹುಡುಕ್ತಾ ಇದ್ದಿದ್ದು ಇದನ್ನೇ ಅಕ್ಕ. ಆಸಿಡ್ಡು ಸುಣ್ಣದ ಜೊತೆ ಇದನ್ನೂ ಬಿಡಿಸುತ್ತೆ. ತೊಳೆದಷ್ಟೂ ಹೋಗುತ್ತೆ,” ಎಂದರು.

ಸಾಹೇಬರು ಆ ಬಟ್ಟಲನ್ನು ಕಣ್ಣೆತ್ತಿಯೂ ನೋಡಲಿಲ್ಲ. ತೊಳೆಯುವುದೇ ತಪ್ಪೆಂದು ಒಪ್ಪಿದರೆ ತಮ್ಮ ಹೆಸರಲ್ಲಿ ಹೊರಬಿದ್ದ ಫಲಿತಾಂಶಗಳೆಲ್ಲ ನೀರುಪಾಲು.

“ಪದ್ಧತಿ ಸರಿಯಾಗೇ ಇದೆ. ಈಯಮ್ಮ ಅತಿ ಮಾಡಿದ್ದಾಳೆ, ಅಷ್ಟೇ,” ಎಂದು ಅವಳೆದುರೇ ಹೇಳಿ, ಮರುಪರೀಕ್ಷೆಯ ಮಾತು ಎತ್ತಬೇಡಿ ಎಂದುಬಿಟ್ಟರು.

ಗಂಡನಿಗೆ ಅವಳೇ ಹೇಳಿದಳು. ಅವನು ಹೆಕ್ಕುವ ಬುಟ್ಟಿಯ ಹರಕು ಹೆಣೆಯುತ್ತ ಕೂತಿದ್ದ.

“ನನ್ನ ಅಂಗಿ ಕಾಲರನ್ನ ಒಂದು ದಿನಾನೂ ಹಂಗೆ ತಿಕ್ಕಲಿಲ್ಲವಲ್ಲೇ ನೀನು,” ಎಂದ. ನಗಿಸಲಿಕ್ಕೋ ಚುಚ್ಚಲಿಕ್ಕೋ, ಅವಳಿಗೆ ತಿಳಿಯಲಿಲ್ಲ. ಬುಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದ.

ಕೊಲ್ಲಿಯಲ್ಲಿ ಹೆಕ್ಕಲು ಏನೂ ಉಳಿಯದಾದಾಗ ಅವನು ಅದೇ ಕಾರ್ಖಾನೆ ಸೇರಿದ. ಮೀನು ಕೊಯ್ದ ನೆಲಕ್ಕೆ ಪೈಪಿನಿಂದ ನೀರು ಬಿಟ್ಟು, ರಕ್ತ ಕರುಳನ್ನೆಲ್ಲ ಕೊಳವೆಗೆ ತಳ್ಳುವ ಕೆಲಸ. ಚೊಕ್ಕ ಕೆಲಸಗಾರ ಎಂದು ಅಲ್ಲಿ ಅವನಿಗೆ ಒಳ್ಳೆಯ ಹೆಸರಿದೆ. ಫಳಫಳಕ್ಕ ಈಗಲೂ ಸಾಹೇಬರು ಹೇಳಿದಂತೆಯೇ ತೊಳೆಯುತ್ತಾಳೆ. ಬಟ್ಟಲು ಬಗ್ಗಿಸುವಾಗ ಮಾತ್ರ ಮುಖ ಆಚೆಗೆ ತಿರುಗಿಸುತ್ತಾಳೆ.